ನಾಲ್ಕು ತಿಂಗಳ ಮಳೆ, ಹನ್ನೆರಡು ತಿಂಗಳ ನೀರು

(ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಘಟ್ಟದ ತಪ್ಪಲಿನ ಗ್ರಾಮಸ್ಥರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಳೆಕಾಡಿನ ನಡುವಿನ ಒಂದು ಪ್ರವಾಸಿ ತಾಣ, ಅದರ ನೆಲೆ ಮತ್ತು ಹವಾಮಾನ ಎಂಬುದು ಇಂದು ನನಗೆ ಗೊತ್ತುಪಡಿಸಿದ ವಿಷಯ. ಮಳೆಕಾಡು ಎಂದಾಕ್ಷಣ ಅಮೆಜಾನ್, ಬೋರ್ನಿಯೋಗಳು ನೆನಪಾಗುವುದು ಸಹಜ. ಪಠ್ಯಪುಸ್ತಕಗಳು ನಮ್ಮನ್ನು ಹಾಗೆ ಬೆಳೆಸಿವೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಈ ಸಭಾಂಗಣದಿಂದ ಹೊರಟು ಕಾರ್ಕಳ, ಹೆಬ್ರಿ, ಸೋಮೇಶ್ವರದ ದಾರಿ ಹಿಡಿದರೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಆಗುಂಬೆ ಸಿಗುತ್ತದೆ. ನಿಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿ ಬಂದವರು. ಹದಿನಾಲ್ಕು ತಿರುವುಗಳ ಘಾಟಿ, ಸೂರ್ಯಾಸ್ತದ ಕಟ್ಟೆ, ಜೋಗಿಗುಂಡಿ, ಒನಕೆ ಅಬ್ಬಿ, ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಬೀದಿ – ಇವಿಷ್ಟನ್ನು ಒಂದೇ ಭಾನುವಾರದಲ್ಲಿ ನೋಡಿ ಮುಗಿಸಿದವರೂ ಇರಬಹುದು. ಜುಲೈ ತಿಂಗಳಲ್ಲಿ ಸೂರ್ಯಾಸ್ತ ನೋಡಲು ಹೋಗಿ ಮಂಜನ್ನು ನೋಡಿ ಬಂದವರಂತೂ ಧಾರಾಳವಾಗಿದ್ದಾರೆ.

ಅಲ್ಲಿ ಏಕೆ ಅಷ್ಟು ಮಳೆ, ಆ ಮಳೆ ಎಲ್ಲಿ ಹೋಗುತ್ತದೆ, ಅದಕ್ಕೂ ಮಂಗಳೂರಿನ ನಲ್ಲಿಗೂ ಏನು ಸಂಬಂಧ – ಇವುಗಳ ಕುರಿತು ಮಾತನಾಡುವುದು ನನ್ನ ಇಂದಿನ ಉದ್ದೇಶ.

ಮೊದಲು ನೆಲೆ. ತೀರ್ಥಹಳ್ಳಿ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ ಆಗುಂಬೆ ಇದೆ. ಎತ್ತರ ಎನ್ನುವುದಕ್ಕಿಂತ ಅಂಚು ಎನ್ನುವ ಮಾತು ಮುಖ್ಯ. ದಕ್ಷಿಣಕ್ಕೆ ಇದೇ ಸಾಲಿನಲ್ಲಿರುವ ಕುದುರೆಮುಖ 1,890 ಮೀಟರ್ ದಾಟುತ್ತದೆ. ಅದರೆದುರು ಆಗುಂಬೆ ಕುಳ್ಳು. ಆದರೆ ಅದು ನಿಂತಿರುವುದು ಗೋಡೆಯ ತುದಿಯಲ್ಲಿ. ಕೆಳಗೆ ಸೋಮೇಶ್ವರ ಕರಾವಳಿಯ ತಗ್ಗು; ಹಕ್ಕಿ ಹಾರುವ ದೂರ ಲೆಕ್ಕ ಹಾಕಿದರೆ ಕೆಲವೇ ಕಿಲೋಮೀಟರುಗಳಲ್ಲಿ ನೆಲವು ಅಷ್ಟೂ ಎತ್ತರವನ್ನು ಏರಿಬಿಡುತ್ತದೆ. ಆಗುಂಬೆಯ ಬಯಲಿನಲ್ಲಿ ಬಿದ್ದ ಹನಿ ಪಶ್ಚಿಮಕ್ಕೆ ವಾಲಿದರೆ ಸೀತಾನದಿಯಾಗಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಪೂರ್ವಕ್ಕೆ ವಾಲಿದರೆ ಮಾಲತಿಯಾಗಿ, ತುಂಗೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಯವರೆಗೆ ಪ್ರಯಾಣ ಮಾಡುತ್ತದೆ. ಒಂದೇ ಮನೆಯ ಮಾಡಿನ ಎರಡು ಇಳಿಜಾರುಗಳಂತೆ ಈ ನೆಲ.

ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದ ಮೇಲಿಂದ ಬರುವ ಗಾಳಿ ನೀರಾವಿಯನ್ನು ಹೊತ್ತು ತರುತ್ತದೆ. ಮಂಗಳೂರಿನ ಬಯಲಿನಲ್ಲಿ ಅದಕ್ಕೆ ದೊಡ್ಡ ಅಡ್ಡಿಯಿಲ್ಲ. ಆದರೂ ನಮಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಇದು ಕಡಿಮೆಯೇನಲ್ಲ. ಸೋಮೇಶ್ವರದ ಬಳಿ ಆ ಗಾಳಿ ಗೋಡೆಗೆ ಎದುರಾಗುತ್ತದೆ, ಮೇಲೇರದೆ ಬೇರೆ ದಾರಿಯಿಲ್ಲ. ಮೇಲೇರಿದಂತೆ ಒತ್ತಡ ಇಳಿದು ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲು ಸಾಧ್ಯವಾಗುವುದಿಲ್ಲ. ಹೊರೆ ಇಳಿಸುವುದು ಅಲ್ಲಿಯೇ. ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿ.ಮೀ. ಜುಲೈ ಒಂದೇ ತಿಂಗಳಲ್ಲಿ ಎರಡು ಸಾವಿರ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. 1946ರ ಆಗಸ್ಟ್ ತಿಂಗಳಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ದಿನವೊಂದಕ್ಕೆ 145 ಮಿ.ಮೀ.ನಂತೆ ಮೂವತ್ತೊಂದು ದಿನ ಎಡೆಬಿಡದೆ ಸುರಿದರೆ ಆಗುವ ಲೆಕ್ಕ ಅದು.

ಗೋಡೆ ದಾಟಿದ ಗಾಳಿಯ ಬುತ್ತಿ ಬೇಗನೆ ಖಾಲಿಯಾಗುತ್ತದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ಒಳಗಿನ ತೀರ್ಥಹಳ್ಳಿಗೆ ಆಗುಂಬೆಯ ಅರ್ಧದಷ್ಟೂ ಮಳೆಯಿಲ್ಲ. ಶಿವಮೊಗ್ಗ ನಗರಕ್ಕೆ ಬಂದರೆ ಸಾವಿರ ಮಿ.ಮೀ. ಕೂಡ ಸಿಗದು. ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಅರ್ಧ ದಿನವೂ ಬೇಡದ ದಾರಿಯಲ್ಲಿ ಇಷ್ಟು ವ್ಯತ್ಯಾಸ! ಇತ್ತೀಚಿನ ದಶಕಗಳಲ್ಲಿ ಹೊಸನಗರ ತಾಲೂಕಿನ ಹುಲಿಕಲ್, ಖಾನಾಪುರದ ಅಮಗಾಂವ್ ಕೆಲವು ವರ್ಷ ಆಗುಂಬೆಯನ್ನು ಮೀರಿಸಿವೆ. ಅವೂ ಇದೇ ಅಂಚಿನ ಊರುಗಳೇ. ಯಾರು ಮೊದಲು, ಯಾರು ಎರಡನೆಯವರು ಎಂಬ ಪಂದ್ಯದಲ್ಲಿ ನನಗೆ ಆಸಕ್ತಿಯಿಲ್ಲ.

ಈ ಮಿಲಿಮೀಟರುಗಳು ಕಣ್ಣಿಗೆ ಕಟ್ಟುವುದಿಲ್ಲ. ಹೀಗೆ ಯೋಚಿಸಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಆಗುಂಬೆಯ ಒಂದು ವರ್ಷದ ಮಳೆ ಹರಿಯದೆ, ಇಂಗದೆ, ಆವಿಯಾಗದೆ ಅಲ್ಲಿಯೇ ನಿಂತರೆ ಸುಮಾರು ಇಪ್ಪತ್ತೈದು ಅಡಿ ಆಳದ ನೀರು. ಒಂದು ಎಕರೆಯ ಅಡಿಕೆ ತೋಟದ ಮೇಲೆ ಮೂರು ಕೋಟಿ ಲೀಟರ್ ಬೀಳುತ್ತದೆ.

ಇಷ್ಟು ಕೇಳಿದ ಮೇಲೆ, ಅಲ್ಲಿನ ಜನರಿಗೆ ನೀರಿನ ಚಿಂತೆಯೇ ಇರಲಾರದು ಎಂದು ನಿಮಗನಿಸಬಹುದು. ಆದರೆ ಆಗುಂಬೆಯ ಸುತ್ತಲ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಬಾವಿಯ ತಳ ಕಂಡ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಘಟ್ಟದ ಊರುಗಳಿಂದ ಬಂದ ನಿಮಗೆ ಪತ್ರಿಕೆಯ ಅಗತ್ಯವಿಲ್ಲ. ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ನಡೆದವರಿಗೆ ಅದು ಗೊತ್ತು. ಇದು ಹೇಗೆ?

ಸಿಂಗಪುರವನ್ನು ತೆಗೆದುಕೊಳ್ಳಿ. ಅಲ್ಲಿ ಬೀಳುವ ಮಳೆ ಆಗುಂಬೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಲ್ಲ. ಆದರೆ ಅದು ಹನ್ನೆರಡೂ ತಿಂಗಳಿಗೆ ಹಂಚಿಹೋಗಿದೆ. ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದಲ್ಲಿ ವರ್ಷಕ್ಕೆ 2,200 ಮಿ.ಮೀ.ನ ಆಸುಪಾಸು, ಅಲ್ಲಿಯೂ ಪೂರ್ಣ ಒಣಗಿದ ತಿಂಗಳು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಆಗುಂಬೆಯ ಮಳೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ – ಈ ಮಳೆಗಳು ಕೊಟ್ಟದ್ದೇ ಕೊಟ್ಟದ್ದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶದ್ದು ಹೆಚ್ಚುಕಡಿಮೆ ಬರಿಗೈ.

ವರ್ಷದಲ್ಲಿ ಇಷ್ಟು ತಿಂಗಳು ಒಣಗುವ ನೆಲದಲ್ಲಿ ಎಲೆ ಉದುರಿಸುವ ಕಾಡು ಇರಬೇಕಿತ್ತು. ಇರುವುದು ನಿತ್ಯಹರಿದ್ವರ್ಣದ ಕಾಡು. ಬಲಗಿ, ಧೂಪ, ಸುರಹೊನ್ನೆ, ಹೆಬ್ಬಲಸು, ಅವುಗಳ ಕೆಳಗೆ ಬೆತ್ತ, ಅದರ ಕೆಳಗೆ ಜರೀಗಿಡ. ಮಾರ್ಚ್ ತಿಂಗಳ ನಡು ಮಧ್ಯಾಹ್ನವೂ ಒಳಗೆ ಕಾಲಿಟ್ಟರೆ ತಂಪು ಮುಖಕ್ಕೆ ಬಡಿಯುತ್ತದೆ. ಈ ತಂಪನ್ನು ಹಿಡಿದಿಟ್ಟಿರುವುದು ಆ ಕಾಡೇ.

ಹೇಗೆಂದರೆ, ಜುಲೈ ತಿಂಗಳ ಜಡಿಮಳೆ ಬಯಲಿನ ಮಣ್ಣಿಗೆ ಬಿದ್ದರೆ ಹನಿಯೊಂದೊಂದೂ ಸಣ್ಣ ಸುತ್ತಿಗೆಯಂತೆ ಮಣ್ಣನ್ನು ಬಡಿದು ಬಿಗಿ ಮಾಡುತ್ತದೆ, ಮೇಲ್ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ. ಕಾಡಿನಲ್ಲಿ ಅದೇ ಹನಿ ಮೊದಲು ನೂರು ಅಡಿ ಮೇಲಿನ ಎಲೆಯ ಮೇಲೆ ಬೀಳುತ್ತದೆ. ಅಲ್ಲಿಂದ ಕೆಳಗಿನ ಎಲೆ, ಅಲ್ಲಿಂದ ಕೊಂಬೆಯ ಪಾಚಿ, ತೊಗಟೆ, ಕೊನೆಗೆ ನೆಲದ ದರಗು. ದರಗೆಲೆಯ ಕೆಳಗೆ ಕೊಳೆತ ಕಪ್ಪು ಮಣ್ಣು, ಅದರ ತುಂಬ ಬೇರು, ಎರೆಹುಳು, ಗೆದ್ದಲು ಮಾಡಿದ ಸಂದುಗಳು. ನೀರು ಒಳಗಿಳಿಯಲು ಬೇಕಾದ ಬಾಗಿಲುಗಳು ಇವೇ. ಕಾಡೇನೂ ಎಲ್ಲ ಮಳೆಯನ್ನೂ ಕುಡಿದುಬಿಡುವುದಿಲ್ಲ. ಅಂಥ ಮಳೆಯಲ್ಲಿ ಹೆಚ್ಚಿನ ಪಾಲು ಹೊಳೆಯಾಗಿ ಹರಿದೇ ಹೋಗುತ್ತದೆ, ಹೋಗಬೇಕು. ಆದರೆ ಒಳಗಿಳಿದ ಪಾಲು ಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ನಡೆದು, ದೀಪಾವಳಿ ಕಳೆದು, ಶಿವರಾತ್ರಿ ಕಳೆದು, ಇಳಿಜಾರಿನ ಯಾವುದೋ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಮಲೆನಾಡಿನ ನಮ್ಮ ಹಿರಿಯರು ಅಡಿಕೆ ಮರದ ದಂಬೆ ಹಾಸಿ ಮನೆಯ ಹಿತ್ತಲಿಗೆ ತಂದುಕೊಂಡದ್ದು ಈ ನೀರನ್ನು. ಪಂಪಿಲ್ಲ, ವಿದ್ಯುತ್ತಿಲ್ಲ, ಗುಡ್ಡ ಮೇಲೆ, ಮನೆ ಕೆಳಗೆ, ಅಷ್ಟೆ. ಮಳೆಗಾಲದಲ್ಲಿ ಗುಡ್ಡದ 'ಜಲ ಒಡೆಯಿತು' ಎನ್ನುತ್ತಾರಲ್ಲ, ಆ ದಿನ ಅವರ ವರ್ಷದ ಲೆಕ್ಕದಲ್ಲಿ ದೊಡ್ಡ ದಿನ.

ಆಗುಂಬೆಯನ್ನು ನಾವು ಹೆಮ್ಮೆಯಿಂದ 'ದಕ್ಷಿಣದ ಚಿರಾಪುಂಜಿ' ಎಂದು ಕರೆಯುತ್ತೇವೆ. ಫಲಕಗಳಲ್ಲಿ, ಪ್ರವಾಸೋದ್ಯಮದ ಕರಪತ್ರಗಳಲ್ಲಿ ಈ ಹೆಸರಿದೆ. ಮೇಘಾಲಯದ ಆ ಊರಿಗೆ ಇನ್ನೊಂದು ಹೆಸರಿರುವುದನ್ನು ಕರಪತ್ರಗಳು ಹೇಳುವುದಿಲ್ಲ: 'ಒದ್ದೆ ಮರುಭೂಮಿ'. ವರ್ಷಕ್ಕೆ ಹತ್ತು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆ ಪ್ರಸ್ಥಭೂಮಿಯಲ್ಲಿ ಚಳಿಗಾಲ ಬಂತೆಂದರೆ ಹೆಂಗಸರು ನೀರಿಗಾಗಿ ಇಳಿಜಾರು ಹತ್ತಿ ಇಳಿಯಬೇಕು. ಕಾಡು ಹೋಯಿತು, ಹಿಂದೆಯೇ ಮಣ್ಣು ಹೋಯಿತು, ಉಳಿದದ್ದು ಕಲ್ಲು ಮತ್ತು ಹುಲ್ಲು. ಅಲ್ಲಿನ ಸುಣ್ಣಕಲ್ಲಿನ ನೆಲಕ್ಕೆ ನೀರನ್ನು ಹಿಡಿದಿಡುವ ಗುಣ ಮೊದಲೇ ಕಡಿಮೆ ಎಂಬುದೂ ನಿಜ. ನಮ್ಮ ಗುಡ್ಡಗಳ ಕಲ್ಲು ಬೇರೆ. ಆದರೂ ಮಳೆಯ ಪ್ರಮಾಣವೊಂದೇ ಒಂದು ಊರಿಗೆ ನೀರು ಕೊಡಲಾರದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಈ ದೇಶದಲ್ಲಿಲ್ಲ. ಆ ಬಿರುದನ್ನು ಬರೆದುಕೊಂಡವರು ಅದರ ಎರಡನೇ ಅರ್ಧವನ್ನೂ ಓದಿಕೊಂಡರೆ ಒಳ್ಳೆಯದಿತ್ತು.

ಈ ಹವಾಮಾನವನ್ನು ಮನುಷ್ಯರಿಗಿಂತ ಚೆನ್ನಾಗಿ ಓದಿಕೊಂಡಿರುವ ಜೀವಿಯೊಂದಿದೆ. ಕಾಳಿಂಗ ಸರ್ಪ. ಹಾವುಗಳಲ್ಲಿ ಮೊಟ್ಟೆಗಾಗಿ ಗೂಡು ಕಟ್ಟುವುದು ಇದೊಂದೇ. ಬೇಸಿಗೆಯ ಕೊನೆಯಲ್ಲಿ ಹೆಣ್ಣು ತನ್ನ ದೇಹದ ಸುರುಳಿಯಿಂದ ದರಗೆಲೆಗಳನ್ನು ಎಳೆದು ರಾಶಿ ಹಾಕಿ, ಒಳಗೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಕೊಳೆಯುವ ಎಲೆಯ ಶಾಖ ಮೊಟ್ಟೆಗೆ ಸಿಗುತ್ತದೆ. ಬಿಗಿಯಾಗಿ ಒತ್ತಿದ ಎಲೆಯ ಮಾಡು ಮುಂಗಾರಿನ ಮೊದಲ ಹನಿಗಳನ್ನು ಹೊರಗೇ ಜಾರಿಸುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಕಾಡಿನಲ್ಲಿ ಆಹಾರ ಎದ್ದಿರುತ್ತದೆ. ದರಗು ಇಲ್ಲದ ಕಡೆ ಈ ಗೂಡಿಲ್ಲ. ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದು ಇದರ ಸಲುವಾಗಿಯೇ. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು ಸಾಧಿಸಿದಾಗ ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟರು: 'ಒಫಿಯೋಫೇಗಸ್ ಕಾಳಿಂಗ'. ಜಗತ್ತಿನ ವಿಜ್ಞಾನದ ಪುಸ್ತಕಕ್ಕೆ ನಮ್ಮ ಮಲೆನಾಡಿನ ಮಾತೊಂದು ಹೀಗೆ ಸೇರಿತು. ಅಂಗಳಕ್ಕೆ ಬಂದ ಕಾಳಿಂಗವನ್ನು ಹೊಡೆಯದೆ ಕೈಮುಗಿದು ದಾರಿ ಬಿಟ್ಟ ಹಳ್ಳಿಗರಿಗೂ ಇದರಲ್ಲಿ ಪಾಲಿದೆ ಎಂದು ನಾನು ತಿಳಿದಿದ್ದೇನೆ.

ಇನ್ನು ಮಂಗಳೂರಿನ ಮಾತು. ಆಗುಂಬೆಯ ನೀರು ಈ ನಗರಕ್ಕೆ ಬರುವುದಿಲ್ಲ. ನಾವು ಕುಡಿಯುವುದು ನೇತ್ರಾವತಿಯನ್ನು, ತುಂಬೆಯ ಕಿಂಡಿ ಅಣೆಕಟ್ಟಿನಿಂದ. ಆದರೆ ನೇತ್ರಾವತಿ ಹುಟ್ಟುವುದು ಅದೇ ಗೋಡೆಯ ಇನ್ನೊಂದು ಭಾಗದಲ್ಲಿ, ಕುದುರೆಮುಖದ ಸಾಲಿನಲ್ಲಿ. ಅಲ್ಲಿ ಶಿಖರಗಳ ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಆ ಹುಲ್ಲನ್ನು ಬೋಳು ಗುಡ್ಡವೆಂದು ಭಾವಿಸುವವರಿದ್ದಾರೆ. ಅದು ಮಳೆನೀರನ್ನು ಇಂಗಿಸುವ ಸ್ಪಂಜು. ಅಲ್ಲಿಯೇ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಆರಂಭವಾಗಿ, ಗುಡ್ಡದ ಪುಡಿ ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ನಮ್ಮ ಪಣಂಬೂರಿಗೆ ಹರಿದು ಬಂತು. ಬಿಚ್ಚಿದ ಮಣ್ಣಿನ ಮೇಲೆ ಆ ಮಳೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಭದ್ರಾ ನದಿಯ ಹೂಳು ತೋರಿಸಿತು. ಜನರ ಹೋರಾಟ, ಸುಪ್ರೀಂ ಕೋರ್ಟಿನ 2002ರ ತೀರ್ಪು, 2005ರ ಕೊನೆಗೆ ಗಣಿಗಾರಿಕೆಯ ಅಂತ್ಯ – ಈ ಕಥೆ ಹಿರಿಯರಿಗೆ ತಿಳಿದಿದೆ. ವಿದ್ಯಾರ್ಥಿಗಳು ಹುಡುಕಿ ಓದಬೇಕು.

ನಾಲ್ಕು ಸಾವಿರದ ಹತ್ತಿರ ಮಳೆ ಬೀಳುವ ಈ ನಗರದಲ್ಲಿ 2016ರ ಬೇಸಿಗೆಯಲ್ಲಿ, ಮತ್ತೆ 2019ರಲ್ಲಿ, ದಿನ ಬಿಟ್ಟು ದಿನ ನೀರು ಬಿಡುವ ಸ್ಥಿತಿ ಬಂತು. ತುಂಬೆಗೆ ಮೇ ತಿಂಗಳಲ್ಲಿ ಬರುವ ನೀರು ಆಕಾಶದಿಂದ ಬರುವುದಿಲ್ಲ, ಗುಡ್ಡದ ಒಳಗಿನಿಂದ ಬರುತ್ತದೆ. ಎತ್ತಿನಹೊಳೆ ಯೋಜನೆಯನ್ನು ಸಮರ್ಥಿಸುವವರು 'ಹೆಚ್ಚುವರಿ ನೀರು' ಎಂದಾಗಲೆಲ್ಲ ನನಗೆ ಇದು ಜುಲೈಯಲ್ಲಿ ಮಾತ್ರ ಗುಡ್ಡ ನೋಡಿದವರ ಮಾತು ಎನಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಕಾಲುವೆ, ಕೊಳವೆ, ರಸ್ತೆಗಾಗಿ ಅಗೆದ ಇಳಿಜಾರುಗಳ ಲೆಕ್ಕವನ್ನು ಇಪ್ಪತ್ತನಾಲ್ಕು ಟಿಎಂಸಿಯ ಲೆಕ್ಕದ ಪಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ಪ್ರವಾಸಿಯದೂ ಇದೇ ಕಣ್ಣು. ಅವನು ಬರುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಹಗಲೂ ಇಪ್ಪತ್ತನಾಲ್ಕು ಡಿಗ್ರಿ ದಾಟದ ತಂಪು, ರಸ್ತೆಯ ಮೇಲೇ ಧುಮುಕುವ ಝರಿ, ಕಾಲಿಗೆ ಹತ್ತುವ ಉಂಬಳ – ಎಲ್ಲವೂ ಅವನಿಗೆ ಸಮೃದ್ಧಿಯ ಗುರುತು. ಅವನ ಮೇಲೆ ನನಗೆ ಕೋಪವಿಲ್ಲ. ಕಾಡನ್ನು ನೋಡದವನು ಕಾಡಿನ ಪರ ನಿಲ್ಲಲಾರ. ಆದರೆ ಅವನಿಗಾಗಿ ನಾವು ಏನನ್ನು ಕಟ್ಟುತ್ತಿದ್ದೇವೆ?

ಇಲ್ಲಿ ಊರಿನವರ ಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ, ಶೃಂಗೇರಿ-ಕೊಪ್ಪದ ಕಡೆ ಹಳದಿ ಎಲೆ ರೋಗ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ಒಂದೆರಡು ಎಕರೆ ತೋಟದವನು ಮಕ್ಕಳನ್ನು ಓದಿಸುವುದು ಹೇಗೆ? ಮನೆಯ ಎರಡು ಕೋಣೆಯನ್ನು ಅತಿಥಿಗಳಿಗೆ ಬಿಟ್ಟು, ಕಡುಬು, ಪತ್ರೊಡೆ ಬಡಿಸಿ, ನಾಲ್ಕು ಕಾಸು ಮಾಡಿಕೊಂಡರೆ ಅದನ್ನು ಪರಿಸರದ ಹೆಸರಿನಲ್ಲಿ ಜರೆಯುವ ಹಕ್ಕು ನಗರದಲ್ಲಿ ಕುಳಿತ ಯಾರಿಗೂ ಇಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಗಡಿಯೊಳಗೆ ದಶಕಗಳಿಂದ ರಸ್ತೆ, ವಿದ್ಯುತ್ತಿಗಾಗಿ ಅಲೆದ ಕುಟುಂಬಗಳಿಗೆ, 'ನಿಮ್ಮ ಕಾಡು ವಿಶ್ವಪರಂಪರೆ' ಎಂದು 2012ರಲ್ಲಿ ಯುನೆಸ್ಕೋ ಹೇಳಿದ್ದು ಹೊಟ್ಟೆ ತುಂಬಿಸಲಿಲ್ಲ. ಹೋಂಸ್ಟೇ ತುಂಬಿಸಿತು.

ಆ ಎರಡು ಕೋಣೆಗಳಿಗೂ ಹೊರಗಿನ ಬಂಡವಾಳದ ರೆಸಾರ್ಟಿಗೂ ಅಂತರವಿದೆ. ಕೋಣೆ ಕೊಟ್ಟವನು ತನ್ನ ಒರತೆಯ ನೀರನ್ನೇ ಅತಿಥಿಗೂ ಕೊಡುತ್ತಾನೆ, ಒರತೆ ಬತ್ತಿದರೆ ಮೊದಲು ಬಾಯಾರುವವನು ಅವನೇ. ರೆಸಾರ್ಟಿನವನು ಕೊಳವೆಬಾವಿ ಕೊರೆಯುತ್ತಾನೆ. ಒಂದು ಈಜುಕೊಳವನ್ನೇ ಲೆಕ್ಕ ಹಾಕಿ: ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳ – 75 ಸಾವಿರ ಲೀಟರ್. ಜಲಜೀವನ್ ಮಿಷನ್ ಗ್ರಾಮೀಣ ವ್ಯಕ್ತಿಯೊಬ್ಬನಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿದೆ. ಐದು ಜನರ ಕುಟುಂಬವೊಂದಕ್ಕೆ ಒಂಬತ್ತು ತಿಂಗಳು ಆಗುವ ನೀರು ಒಂದು ಸಲ ಕೊಳ ತುಂಬಿಸಲು ಬೇಕು. ಜುಲೈಯಲ್ಲಿ ತುಂಬಿಸಿದರೆ ಯಾರ ತಕರಾರೂ ಇಲ್ಲ. ಅವರು ತುಂಬಿಸುವುದು ಮಕ್ಕಳಿಗೆ ರಜೆ ಇರುವ ಏಪ್ರಿಲ್‌ನಲ್ಲಿ.

ಇನ್ನೊಂದು, ಇಳಿಜಾರನ್ನು ಕಡಿಯುವುದು. 'ವ್ಯೂ' ಸಿಗಬೇಕೆಂದು ಗುಡ್ಡದ ಅಂಚಿಗೇ ಕಾಟೇಜು, ಅಲ್ಲಿಗೆ ವಾಹನ ಹೋಗಲು ಜೆಸಿಬಿ ಎಳೆದ ರಸ್ತೆ. 2018ರ ಆಗಸ್ಟಿನಲ್ಲಿ ಕೊಡಗು, 2019ರಲ್ಲಿ ಚಾರ್ಮಾಡಿ, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ವಯನಾಡಿನಲ್ಲಿ ಸತ್ತವರೇ ಇನ್ನೂರಕ್ಕೂ ಹೆಚ್ಚು. ಇವೆಲ್ಲಕ್ಕೂ ಪ್ರವಾಸೋದ್ಯಮವೊಂದೇ ಕಾರಣವೆಂದರೆ ಅದು ಸುಳ್ಳಾಗುತ್ತದೆ. ಅಸಾಧಾರಣ ಮಳೆ, ಕಡಿದಾದ ನೆಲ, ಹೆದ್ದಾರಿ, ತೋಟ ಎಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಸೇರಿವೆ. ಆದರೆ ಆಗುಂಬೆಯಂಥ ಮಳೆ ಬೀಳುವ ಇಳಿಜಾರಿನ ಬುಡವನ್ನು ಕಡಿಯುವವನಿಗೆ ಈಗ 'ಗೊತ್ತಿರಲಿಲ್ಲ' ಎನ್ನುವ ಅವಕಾಶವಿಲ್ಲ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿಯೇ ಇದನ್ನು ಬರೆದಿಟ್ಟಿತ್ತು. ನಿರ್ಧಾರವನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಆ ವರದಿ ಹೇಳಿದ್ದನ್ನು ಮಾತ್ರ ಹಳ್ಳಿಗಳಿಗೆ ಯಾರೂ ಸರಿಯಾಗಿ ತಿಳಿಸಲಿಲ್ಲ.

ಮಿತಿ ಹಾಕಲು ಸಾಧ್ಯವಿದೆ. 2024ರ ಜನವರಿಯ ಒಂದು ವಾರಾಂತ್ಯದಲ್ಲಿ ಕುಮಾರಪರ್ವತದ ಬುಡಕ್ಕೆ ಸಾವಿರಾರು ಚಾರಣಿಗರು ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ಕಾಯ್ದಿರಿಸುವ ಕ್ರಮ ತಂದಿತು. ಕಾಡಿನ ಹಾದಿಗೆ ಮಿತಿ ಹಾಕಬಹುದಾದರೆ, ಊರಿನ ಒರತೆ ಎಷ್ಟು ಜನರನ್ನು ತಾಳೀತು ಎಂದು ಪಂಚಾಯಿತಿಯೂ ಕೇಳಬಹುದು.

ಹಾಗೆ ಕೇಳಲು ಕೈಯಲ್ಲಿ ಲೆಕ್ಕ ಬೇಕು. ದಕ್ಷಿಣ ಕನ್ನಡ, ಕಾಸರಗೋಡುಗಳ ಕೆಲವು ಅಡಿಕೆ ಬೆಳೆಗಾರರು ದಶಕಗಳ ಮಳೆಯನ್ನು ದಿನದಿನವೂ ಬರೆದಿಟ್ಟಿದ್ದಾರೆ. ಮಳೆಯ ಲೆಕ್ಕ ಇದೆ, ಒರತೆಯ ಲೆಕ್ಕ ಇಲ್ಲ. ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇದು. ಮುಂದಿನ ಬಾರಿ ಘಟ್ಟಕ್ಕೆ ಹೋಗುವಾಗ ಜುಲೈ ಬಿಟ್ಟು ಏಪ್ರಿಲ್‌ನಲ್ಲಿ ಹೋಗಿ. ಒಂದು ಹಳ್ಳಿಯನ್ನು ಆರಿಸಿಕೊಳ್ಳಿ. ಮರದ ನೆರಳು, ಮಾಡಿನ ಹನಿ ತಾಗದ ಬಯಲಿನಲ್ಲಿ ಒಂದು ಮಳೆಮಾಪಕ ಇಡಿಸಿ. ಹವಾಮಾನ ಇಲಾಖೆಯವರಂತೆ ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಲು ಆ ಊರಿನ ಶಾಲಾ ಮಕ್ಕಳಿಗೆ ಕಲಿಸಿ. ಊರಿನ ಹಿರಿಯರನ್ನು ಕೇಳಿ ಒರತೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಮೂರು ಕಾಲಂ ಎಳೆಯಿರಿ: ಜಲ ಒಡೆದ ದಿನ, ಬತ್ತಿದ ದಿನ, ಏಪ್ರಿಲ್ ಮೊದಲ ದಿನ ಒಂದು ಕೊಡ ತುಂಬಲು ಹಿಡಿದ ನಿಮಿಷ. ಇದಕ್ಕೆ ಗಡಿಯಾರ, ಕೊಡ ಮತ್ತು ಒಂದು ನೋಟುಬುಕ್ಕು ಸಾಕು. ಐದು ವರ್ಷ ತುಂಬಿದ ಆ ನೋಟುಬುಕ್ಕನ್ನು, ಹೊಸ ರೆಸಾರ್ಟಿನ ಅರ್ಜಿ ಪಂಚಾಯಿತಿಗೆ ಬಂದ ದಿನ, ಗ್ರಾಮಸಭೆಯ ಮೇಜಿನ ಮೇಲೆ ಅರ್ಜಿಯ ಪಕ್ಕದಲ್ಲಿಯೇ ಇಡಿ.